ಕಾಣದ ಅಲೆಗಳ ಬೆನ್ನು ಹತ್ತಿದ ಕನ್ನಡತಿ

ಮಡಿಕೇರಿಯ ರಾಜಾಸೀಟಿನಲ್ಲಿ ನಿಂತು ನೋಡಿದರೆ ಬೆಟ್ಟದ ಹಿಂದೆ ಬೆಟ್ಟ, ಅದರಾಚೆ ಇನ್ನೊಂದು ಬೆಟ್ಟ. ನಮ್ಮ ಕಣ್ಣಿಗೆ ಹಬ್ಬವಾದ ಈ ನೋಟ ದೂರಸಂಪರ್ಕದ ಎಂಜಿನಿಯರರಿಗೆ ತಲೆನೋವು. ಮೈಕ್ರೋವೇವ್ ಎಂಬ ಕಿರಿಯ ರೇಡಿಯೋ ಅಲೆಗಳು ದೀಪದ ಕಿರಣದಂತೆ ನೇರವಾಗಿ ಸಾಗತಕ್ಕವು. ಗುಡ್ಡ ಅಡ್ಡ ಬಂದರೆ ಅಲ್ಲಿಗೇ ತಡೆ. ಗೋಪುರಗಳನ್ನು ಬೆಟ್ಟದ ನೆತ್ತಿಯ ಮೇಲೆ ನಿಲ್ಲಿಸುವುದು ಅದಕ್ಕಾಗಿಯೇ. ಈ ಹಟಮಾರಿ ಅಲೆಗಳ ಅಧ್ಯಯನಕ್ಕೆ ಸ್ವತಂತ್ರ ಭಾರತದಲ್ಲಿ ನೆಲೆ ಕಲ್ಪಿಸಿದವರಲ್ಲಿ ಒಬ್ಬರು ಕನ್ನಡ ನಾಡಿನ ರಾಜೇಶ್ವರಿ ಚಟರ್ಜಿ.

ಅವರು ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು. ವಿಧವೆಯರ, ಗಂಡ ತೊರೆದ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದವರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, 1943ರಲ್ಲಿ ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು.

1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಮರುವರ್ಷ ಜುಲೈಯಲ್ಲಿ ಹಡಗು ಹತ್ತಿದರು. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗು ಅದು. ಪ್ರಯಾಣ ಮೂವತ್ತು ದಿನ. ಮದುವೆಯಾಗದ ಹುಡುಗಿಯೊಬ್ಬಳು ಕಡಲು ದಾಟುವುದೆಂದರೆ ಆಗ ಸಾಮಾನ್ಯ ಸಂಗತಿಯೇ? ದೇಶವೆಲ್ಲ ಸ್ವಾತಂತ್ರ್ಯದ ಬಾವುಟ ಹಾರಿಸಿದಾಗ ಆಕೆ ಊರಿನಲ್ಲಿರಲಿಲ್ಲ.

ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಪದವಿಯಾಯಿತು. ಬಳಿಕ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾಪನ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಅಲೆಗಳನ್ನು ಅಳೆಯುವ ತರಬೇತಿ. ಮುಂದೆ ಕೈ ಹಿಡಿದದ್ದು ಇದೇ ಎಂದು ನನ್ನೆಣಿಕೆ. ಕಣ್ಣಿಗೆ ಬೀಳದ ವಸ್ತುವನ್ನು ಅಳತೆಯಿಂದಲ್ಲದೆ ಬೇರೆ ಹೇಗೆ ಹಿಡಿಯುವುದು?

1953ರಲ್ಲಿ ಡಾಕ್ಟರೇಟ್ ಪಡೆದು, ಸುಸಜ್ಜಿತ ಪ್ರಯೋಗಶಾಲೆಗಳನ್ನು ಬಿಟ್ಟು ವಿಜ್ಞಾನ ಮಂದಿರಕ್ಕೇ ಮರಳಿ ಅಧ್ಯಾಪಕಿಯಾದರು. ಜಗದೀಶಚಂದ್ರ ಬೋಸರು 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಇಂಥ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದರು, ನಿಜ. ಆದರೆ ಆ ಎಳೆಯನ್ನು ಅವರು ಮುಂದುವರಿಸದೆ ಸಸ್ಯಗಳತ್ತ ತಿರುಗಿದರು. ಅದೇ ವರ್ಷ ರಾಜೇಶ್ವರಿಯವರ ಕೈಹಿಡಿದ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರೂ ಅವರೂ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಶಾಲೆಯೊಂದನ್ನು ಕಟ್ಟಿದರು.

ವಿಮಾನಕ್ಕೂ ಆಕಾಶನೌಕೆಗೂ ಬೇಕಾಗುವ ಆಂಟೆನಗಳು ಅವರ ಮುಖ್ಯ ವಿಷಯ. ಆಂಟೆನವೆಂದರೆ ಲೋಹದ ಸರಳೇ ಆಗಬೇಕೆಂದಿಲ್ಲ. ವಿದ್ಯುತ್ತನ್ನು ಹರಿಯಗೊಡದ ಪದಾರ್ಥದ ಕೋಲೊಂದರ ಉದ್ದಕ್ಕೂ ಅಲೆಯನ್ನು ನಡೆಸಿ, ತುದಿಯಿಂದ ಬಯಲಿಗೆ ಬಿಡಬಹುದು. ಕೋಲಿನ ಉದ್ದ, ದಪ್ಪ, ಪದಾರ್ಥ ಬದಲಾದರೆ ಅಲೆ ಹರಡುವ ರೀತಿಯೂ ಬದಲಾಗುವುದು. ಗಣಿತದ ಹುಡುಗಿಗೆ ಇದಕ್ಕಿಂತ ಒಳ್ಳೆಯ ಆಟದ ಬಯಲು ಸಿಕ್ಕೀತೇ!

ನೂರಕ್ಕೂ ಹೆಚ್ಚು ಪ್ರಬಂಧಗಳು, ಏಳು ಗ್ರಂಥಗಳು, ಡಾಕ್ಟರೇಟ್ ಪಡೆದ ಇಪ್ಪತ್ತು ಶಿಷ್ಯರು. 1982ರಲ್ಲಿ ನಿವೃತ್ತರಾದ ಮೇಲೆ ಅಜ್ಜಿಯ ದಾರಿಗೆ ಬಂದು, ಸ್ತ್ರೀಯರ ಸ್ಥಿತಿಗತಿಗಳ ಅಧ್ಯಯನ ಸಂಘದಲ್ಲಿ ದುಡಿದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು. ಮಗಳು ಇಂದಿರಾ ಆಯ್ದುಕೊಂಡದ್ದೂ ವಿದ್ಯುತ್ ಎಂಜಿನಿಯರಿಂಗನ್ನೇ. ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ಆಕೆ ಪ್ರಾಧ್ಯಾಪಕಿಯಾದರು.