ಆ ಚಿತ್ರದಲ್ಲಿರುವ ದವಿದೋವ್ ಬೇರೆ

ಸೇಂಟ್ ಪೀಟರ್ಸ್‌ಬರ್ಗಿನ ರಷ್ಯನ್ ಮ್ಯೂಸಿಯಂನಲ್ಲಿ ಆಳೆತ್ತರದ ಒಂದು ತೈಲಚಿತ್ರವಿದೆ. ಕಲಾವಿದ ಕಿಪ್ರೆನ್‌ಸ್ಕಿ 1809ರಲ್ಲಿ ಬರೆದದ್ದು. ಚಿನ್ನದ ಜರಿಯ ಕೆಂಪು ಕೋಟು, ಬಿಳಿ ಬಿಗಿ ಶರಾಯಿ, ಗುಂಗುರು ಕೂದಲು, ಗೋಡೆಗೆ ಮೊಳಕೈ ಊರಿ ನಿಂತ ಠೀವಿ. ನೆಪೋಲಿಯನ್ನನ ಸೈನ್ಯವನ್ನು ಕಾಡಿದ ಹುಸಾರ್ ಕವಿ ದೆನಿಸ್ ದವಿದೋವ್ ಇವನೇ ಎಂದು ರಷ್ಯದ ಜನ ಬಹಳ ಕಾಲ ನಂಬಿದ್ದರು. ಹುಸಾರ್ ಎಂದರೆ ಹಗುರ ಕುದುರೆಪಡೆಯ ಸವಾರ. ದವಿದೋವನ ಹೆಸರು ಕೇಳಿದವರಿಗೆ ಕಣ್ಣಿಗೆ ಕಟ್ಟುತ್ತಿದ್ದದ್ದು ಈ ಚಿತ್ರವೇ.

ಚಿತ್ರ ಅವನದಲ್ಲ. 1831ರಲ್ಲಿ ಕಿಪ್ರೆನ್‌ಸ್ಕಿ ತನ್ನ ಕೃತಿಗಳ ಪಟ್ಟಿ ಕೊಟ್ಟಾಗ ಇದರ ಮುಂದೆ ಬರೆದದ್ದು ಯೆವ್‌ಗ್ರಾಫ್ ದವಿದೋವನ ಹೆಸರನ್ನು. ಅವನು ದೆನಿಸನ ದಾಯಾದಿ, ಅವನೂ ಹುಸಾರನೇ. 1813ರ ಲೈಪ್‌ಜಿಗ್ ಕಾಳಗದಲ್ಲಿ ಒಂದು ಕೈ, ಒಂದು ಕಾಲು ಕಳೆದುಕೊಂಡ. ಇಷ್ಟೆಲ್ಲ ತೆತ್ತವನ ಮುಖಕ್ಕೆ ಜನ ಬೇರೊಬ್ಬನ ಹೆಸರು ಅಂಟಿಸಿದರಲ್ಲ ಎಂದು ನನಗೆ ಇಂದಿಗೂ ಕಸಿವಿಸಿ.

ನಿಜವಾದ ದೆನಿಸ್ ಕುಳ್ಳ, ಮೊಂಡು ಮೂಗಿನವನು. 1801ರಲ್ಲಿ ಅರಮನೆಯ ಕಾವಲಿನ ಪ್ರತಿಷ್ಠಿತ ಕುದುರೆಪಡೆಗೆ ಸೇರಲು ಹೋದಾಗ ಎತ್ತರ ಸಾಲದೆಂದು ಮೊದಲು ಬೇಡವೆಂದಿದ್ದರು.

ಹಾಗಾದರೆ ದೊಡ್ಡ ಮನೆತನದ ಬಲದಿಂದ ಸಲೀಸಾಗಿ ಮೇಲೇರಿದನೇ? ಅದೂ ಇಲ್ಲ. ಅಧಿಕಾರಸ್ಥರನ್ನು ಗೇಲಿ ಮಾಡುವ ನೀತಿಕಥೆಗಳನ್ನು ಪದ್ಯದಲ್ಲಿ ಬರೆದು 1804ರಲ್ಲಿ ರಾಜಧಾನಿಯಿಂದ ದೂರದ ಹುಸಾರ್ ರೆಜಿಮೆಂಟಿಗೆ ಎತ್ತಂಗಡಿಯಾದ. 1813ರಲ್ಲಿ ಮೇಲಿನವರ ಅಪ್ಪಣೆಗೆ ಕಾಯದೆ ಡ್ರೆಸ್ಡನ್ ನಗರದ ಅರ್ಧಭಾಗ ಹಿಡಿದದ್ದಕ್ಕೆ ಸಿಕ್ಕ ಬಹುಮಾನವೆಂದರೆ, ಕೈಯಲ್ಲಿದ್ದ ತುಕಡಿಯೂ ಹೋಯಿತು. 1814ರಲ್ಲಿ ಮೇಜರ್ ಜನರಲ್ ಆದ. ಮರುವರ್ಷ ಅದು ಕಚೇರಿಯ ತಪ್ಪಿನಿಂದ ಬಂದ ಬಡ್ತಿಯೆಂದು ಹೇಳಿ ಮತ್ತೆ ಕರ್ನಲ್ ಮಾಡಿದರು. ಕೊನೆಗೆ ಪದವಿ ಮರಳಿ ಬಂತೆನ್ನಿ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವುದು ನೆಪೋಲಿಯನ್ ರಷ್ಯದ ಮೇಲೆ ಏರಿಬಂದ 1812ರ ಬಗೆಗಿನ ಕಲ್ಪನೆ: ಕೊಡಲಿ, ಕವೆಗೋಲು ಹಿಡಿದ ರೈತರ ದಂಡು ಕಟ್ಟಿ ಇವನು ಗೆರಿಲ್ಲಾ ಯುದ್ಧ ಹೂಡಿದ ಎಂಬುದು. ಅವನ ಕೈಕೆಳಗಿದ್ದವರು ಸೈನ್ಯದ ಸವಾರರೇ. ಶುರುವಿನಲ್ಲಿ 50 ಹುಸಾರರು, 80 ಕೊಸಾಕರು. ಬಹಳ ಉದ್ದಕ್ಕೆ ಚಾಚಿದ್ದ ಶತ್ರುವಿನ ದಾರಿಯಲ್ಲಿ ದವಸ, ಮೇವು, ಮದ್ದುಗುಂಡಿನ ಗಾಡಿಗಳಿಗೆ ಕಾವಲು ತೆಳುವಾಗಿರುತ್ತದೆ, ಅಲ್ಲಿಗೇ ಹೊಡೆಯಬೇಕು ಎಂಬುದು ಅವನ ಲೆಕ್ಕ. ದಂಡನಾಯಕ ಬಗ್ರಾತಿಯೋನನ ಮುಂದೆ ಅದನ್ನಿಟ್ಟ, ಪ್ರಧಾನ ದಂಡನಾಯಕ ಕುತುಜೋವ್ ಒಪ್ಪಿದ. ಮೀಸೆ ತಿರುವುವ ಹುಂಬ ಮಾಡುವ ಲೆಕ್ಕವಲ್ಲ ಅದು. ಆದರೆ ಇಂಥ ತುಕಡಿ ಕಟ್ಟಿದ ಮೊದಲಿಗ ಅವನೇ ಎನ್ನುವುದು ಸರಿಯಲ್ಲ. ಜನರಲ್ ವಿಂಟ್ಸಿಂಗೆರೋಡನ ತುಕಡಿ ಅದಕ್ಕೂ ಮೊದಲೇ ಹೊರಟಿತ್ತು.

ಇನ್ನು ರೈತರು? ಮೊದಮೊದಲು ಅವರು ಇವನ ಮೇಲೇ ಬಿದ್ದರು. ಜರಿ ಕೋಟಿನವರೆಲ್ಲ ಹಳ್ಳಿಗರ ಕಣ್ಣಿಗೆ ಫ್ರೆಂಚರೇ. ಆಮೇಲೆ ದವಿದೋವ್ ಬುದ್ಧಿ ಕಲಿತು ಗಡ್ಡ ಬಿಟ್ಟ, ರೈತರ ನಿಲುವಂಗಿ ತೊಟ್ಟ, ಪದಕವಿದ್ದ ಜಾಗದಲ್ಲಿ ಸಂತ ನಿಕೊಲಾಯ್‌ನ ಪಟ ತೂಗುಹಾಕಿಕೊಂಡ. ಅಷ್ಟಾದ ಮೇಲೆ ಹಳ್ಳಿಗರು ಬಾಗಿಲು ತೆರೆದರು, ಸುದ್ದಿ ಕೊಟ್ಟರು. ಆ ವರ್ಷದ ನವೆಂಬರಿನಲ್ಲಿ ಲ್ಯಾಖೊವೊ ಹಳ್ಳಿಯ ಬಳಿ ಅವನೂ ಮತ್ತೆ ಮೂವರು ನಾಯಕರೂ ಸೇರಿ ಮುತ್ತಿದಾಗ ಫ್ರೆಂಚ್ ಜನರಲ್ ಒಷ್ರೋ ತನ್ನ ಸೈನಿಕರ ಸಮೇತ ಶರಣಾದ.

ಕುಡಿತ, ಕತ್ತಿ, ಕುದುರೆ ಇಷ್ಟೇ ಅವನ ಬದುಕು ಎಂಬ ನಂಬಿಕೆಗೆ ಮಾತ್ರ ಬೇರೆಯವರನ್ನು ದೂರುವಂತಿಲ್ಲ. ಅದನ್ನು ಹಬ್ಬಿಸಿದ್ದು ಅವನದೇ ಕವಿತೆಗಳು. ಸಾಲದ್ದಕ್ಕೆ ಯಾರೋ ಬರೆದಂತೆ ತನ್ನ ಜೀವನಚರಿತ್ರೆಯನ್ನೂ ತಾನೇ ಬರೆದುಕೊಂಡ. ಟಾಲ್‌ಸ್ಟಾಯ್ ‘ಯುದ್ಧ ಮತ್ತು ಶಾಂತಿ’ಯ ದೆನಿಸೋವನನ್ನು ಕಡೆದದ್ದೂ ಇವನನ್ನು ನೋಡಿಕೊಂಡೇ. ಆದರೆ ಇದೇ ಮನುಷ್ಯ ಗೆರಿಲ್ಲಾ ಯುದ್ಧದ ಬಗ್ಗೆ ಶಾಸ್ತ್ರಗ್ರಂಥವನ್ನೂ ಬರೆದಿದ್ದಾನೆ.

1812ರ ಬೊರೊದಿನೊ ಕದನದಲ್ಲಿ ಅವನು ಕಾದಿದನೆಂದೂ ಹಲವರು ಭಾವಿಸುತ್ತಾರೆ. ಬೊರೊದಿನೊ ಅವನ ಅಪ್ಪನ ಹಳ್ಳಿ, ಹುಡುಗನಾಗಿ ಓಡಾಡಿದ ನೆಲ. ಆದರೆ ಮಹಾಕದನಕ್ಕೆ ಮೊದಲೇ ತನ್ನ ಸವಾರರೊಂದಿಗೆ ಶತ್ರುವಿನ ಬೆನ್ನ ಹಿಂದಕ್ಕೆ ಹೋಗಿಬಿಟ್ಟಿದ್ದ. ಆ ಕದನದಲ್ಲಿ ಗಾಯಗೊಂಡು ತೀರಿಕೊಂಡ ಬಗ್ರಾತಿಯೋನನ ಅಸ್ಥಿಯನ್ನು ಅಲ್ಲಿಗೇ ತರಬೇಕೆಂದು ಕೊನೆಯ ವರ್ಷಗಳಲ್ಲಿ ಸರ್ಕಾರವನ್ನು ಬಿಡದೆ ಕೇಳಿ ಒಪ್ಪಿಸಿದ. ಮೆರವಣಿಗೆಯ ಮುಂದಾಳುತನವೂ ಅವನಿಗೇ ಸಿಕ್ಕಿತ್ತು. 1839ರ ಬೇಸಿಗೆಯಲ್ಲಿ ಅಸ್ಥಿ ಬೊರೊದಿನೊ ತಲುಪಿತು. ದವಿದೋವ್ ಅದೇ ವರ್ಷದ ವಸಂತದಲ್ಲಿ ತೀರಿಕೊಂಡಿದ್ದ.