ಶುಗರ್ ನಾರ್ಮಲ್, ಆದ್ರೂ ಇಷ್ಟು ದಾಹ ಯಾಕೆ?

ಇವತ್ತಿನ ಮಾತು ನಮ್ಮ ಮನೆಯಿಂದಲೇ ಶುರು.

ಹಳಿಯಾಳದ ನಮ್ಮ ಅತ್ತೆಗೆ ಹಿಂದೆ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿದಿತ್ತು. ಆಮೇಲೊಂದು ಬೇಸಿಗೆಯಲ್ಲಿ ವಿಪರೀತ ದಾಹ. ತಂಬಿಗೆಗಟ್ಟಲೆ ನೀರು, ರಾತ್ರಿ ಐದಾರು ಸಲ ಮೂತ್ರಕ್ಕೆ ಏಳೋದು. ಶುಗರ್ ಟೆಸ್ಟ್ ನಾರ್ಮಲ್ ಬಂತು. ಬಿಸಿಲಿಗೆ ಹಿಂಗಾಗಿರಬೇಕು ಅಂತ ಬಿಟ್ವಿ. "ರಾತ್ರಿ ನೀರು ಕಡಿಮಿ ಕುಡೀರಿ ಅತ್ತಿ" ಅಂದಿದ್ದು ನಾನೇ. ಅದು ತಪ್ಪು ಸಲಹೆ ಅಂತ ಆಮೇಲೆ ಗೊತ್ತಾಯ್ತು. ಒಂದೇ ವಸ್ತು ಎರಡಾಗಿ ಕಾಣೋಕೆ ಶುರುವಾದ ಮೇಲೆ ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದ್ವಿ. ಕ್ಯಾನ್ಸರ್ ಪಿಟ್ಯುಟರಿ ಗ್ರಂಥಿಗೆ ಹರಡಿತ್ತು.

ಪಿಟ್ಯುಟರಿ ಅಂದ್ರೆ ಮಿದುಳಿನ ಬುಡದಲ್ಲಿ, ಮೂಗಿನ ಹಿಂದೆ ಇರುವ ಕಡಲೆಕಾಳಿನಷ್ಟು ಗ್ರಂಥಿ. ಇಲ್ಲಿಗೆ ಹರಡೋದು ಹೆಚ್ಚಾಗಿ ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರ್. ಗ್ರಂಥಿಯ ಹಿಂಭಾಗಕ್ಕೆ ರಕ್ತ ನೇರವಾಗಿ ಅಪಧಮನಿಯಿಂದ ಬರುತ್ತದೆ, ಹಾಗಾಗಿ ಕ್ಯಾನ್ಸರ್ ಕೋಶಗಳು ಅಲ್ಲೇ ಮೊದಲು ಕೂರೋದು ಜಾಸ್ತಿ. ಮೂತ್ರವನ್ನು ಹಿಡಿತದಲ್ಲಿಡುವ ವ್ಯಾಸೊಪ್ರೆಸ್ಸಿನ್ ಹಾರ್ಮೋನ್ ಬಿಡುಗಡೆ ಆಗೋದೂ ಅಲ್ಲಿಂದಲೇ. ಅದು ಕಡಿಮೆಯಾದ್ರೆ ದೇಹದಲ್ಲಿ ನೀರು ನಿಲ್ಲೋದಿಲ್ಲ. ಇದಕ್ಕೆ ಡಯಾಬಿಟಿಸ್ ಇನ್ಸಿಪಿಡಸ್ ಅಂತಾರೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಗೊಂದಲ ತಪ್ಪಿಸೋಕೆ 2022ರಲ್ಲಿ ತಜ್ಞರು ಹೆಸರನ್ನೇ ಬದಲಿಸಲು ಸೂಚಿಸಿದರು. ಇಂಥವರಿಗೆ ನೀರು ತಡೆದ್ರೆ ರಕ್ತದಲ್ಲಿ ಸೋಡಿಯಂ ಏರಿ ಪ್ರಜ್ಞೆಯೇ ತಪ್ಪಬಹುದು.

ಪತ್ತೆ ಯಾಕೆ ಕಷ್ಟ? ಮೊದಲನೆಯದು, ಸುಸ್ತು, ತಲೆನೋವು, ಹಸಿವಿಲ್ಲದಿರೋದನ್ನ ಕ್ಯಾನ್ಸರ್ ಅಥವಾ ಕೀಮೋ ಲೆಕ್ಕಕ್ಕೇ ಹಾಕಿಬಿಡ್ತೀವಿ. ಎರಡನೆಯದು, ಎಂಆರ್‌ಐನಲ್ಲಿ ಇದು ಅಡಿನೋಮ ಅನ್ನುವ ಸಾಮಾನ್ಯ, ಕ್ಯಾನ್ಸರ್ ಅಲ್ಲದ ಗಡ್ಡೆಯಂತೆಯೇ ಕಾಣಬಹುದು. ಆದ್ರೆ ಅಡಿನೋಮದಲ್ಲಿ ಆರಂಭದಲ್ಲೇ ಇಂಥ ದಾಹ ಬರೋದು ಅಪರೂಪ. ದಾಹ, ಎರಡೆರಡು ಕಾಣೋದು, ಬೇಗ ಬೆಳೆಯುವ ಗಡ್ಡೆ ಸುಳಿವುಗಳು ಮಾತ್ರ. ಖಚಿತವಾಗಬೇಕಾದ್ರೆ ಸಾಮಾನ್ಯವಾಗಿ ಮೂಗಿನ ಮೂಲಕ ತುಣುಕು ತೆಗೆದು ಬಯಾಪ್ಸಿ ಮಾಡಬೇಕು. ಮೂರನೆಯದು, ಕಾರ್ಟಿಸಾಲ್ ಕೂಡ ಕಡಿಮೆ ಇದ್ರೆ ಈ ಅತಿಮೂತ್ರ ಮರೆಯಾಗಿರುತ್ತದೆ. ಸ್ಟೀರಾಯ್ಡ್ ಶುರು ಮಾಡಿದ ಮೇಲೆ ಒಮ್ಮೆಲೇ ಹೊರಬೀಳುತ್ತದೆ.

ನಾನು ಬಿ.ಕಾಂ. ಓದಿದವ, ನನಗೆ ಇದು ಲೆಡ್ಜರ್ ಥರಾನೇ ಕಾಣ್ತದ. ಕಣ್ಣಿನ ಚೀಟಿ ಒಂದು ಕಡೆ, ಶುಗರ್ ರಿಪೋರ್ಟ್ ಇನ್ನೊಂದು ಕಡೆ, ಕ್ಯಾನ್ಸರ್ ಫೈಲ್ ಟ್ರಂಕಿನೊಳಗ. ಒಟ್ಟಿಗೆ ಇಟ್ಟು ಟ್ಯಾಲಿ ಮಾಡಿದವರು ಯಾರೂ ಇಲ್ಲ.

ಹಾಗಾಗಿ ಕ್ಯಾನ್ಸರ್ ಆಗಿದ್ದವರಿಗೆ ಶುಗರ್ ಇಲ್ಲದೇ ದಾಹ ಬಂದ್ರೆ, ಒಂದು ಲೀಟರ್ ಅಳತೆ ಮಗ್‌ನಲ್ಲಿ 24 ಗಂಟೆಯ ಮೂತ್ರ ಅಳೆದು ಬರೆದಿಡ್ರಿ. 3 ಲೀಟರ್ ದಾಟಿದ್ರೆ ತಡ ಮಾಡಬ್ಯಾಡ್ರಿ. ಮಂಪರು, ಗೊಂದಲ, ವಾಂತಿ ಇದ್ರೆ ಅಳೆಯುತ್ತಾ ಕೂಡದೆ ಆವತ್ತೇ ಆಸ್ಪತ್ರೆಗೆ ಹೋಗ್ರಿ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಎಲ್ಲೇ ಹೋದ್ರೂ ಹಳೇ ಕ್ಯಾನ್ಸರ್ ಫೈಲ್ ಕೈಯಲ್ಲಿರಲಿ. ಡಾಕ್ಟರ್ ಕೇಳೋ ಮೊದಲೇ ಹೇಳ್ರಿ.

ಅತ್ತೆಗೆ ಈಗ ಡೆಸ್ಮೊಪ್ರೆಸ್ಸಿನ್ ಮಾತ್ರೆ, ಹೈಡ್ರೋಕಾರ್ಟಿಸೋನ್ ನಡೆದಿವೆ, ರೇಡಿಯೇಶನ್ ಮುಗಿದಿದೆ. ಕ್ಯಾನ್ಸರ್ ಹೋಗಿಲ್ಲ. ಆದ್ರೆ ರಾತ್ರಿ ನಿದ್ದೆ ಬರ್ತದ. ತಲೆದಿಂಬಿನ ಹತ್ರ ತಂಬಿಗೆ ತುಂಬಿಡೋ ಕೆಲಸ ಈಗ ನನ್ನದು.