ಅರಕೇರಿಯ ದಾರಿಯಲ್ಲಿ ಒಂದು ರವಿವಾರ

ವಾರದ ಆರು ದಿನ ಕಚೇರಿಯ ಕಡತಗಳಲ್ಲಿ ತಲೆಯನ್ನಿಟ್ಟು ಕುಳಿತಿರುವ ನಮ್ಮಂಥ ಪಟ್ಟಣಿಗರಿಗೆ ಏಳನೆಯ ದಿನದ ಸದುಪಯೋಗವು ಹೇಗೆಂಬದು ಸಣ್ಣ ಪ್ರಶ್ನೆಯಲ್ಲ. ಹಲವರು ಅದನ್ನು ನಿದ್ರೆಯಲ್ಲಿಯೂ, ಇನ್ನು ಕೆಲವರು ಕೈಯೊಳಗಿನ ಮೊಬಾಯಿಲನ್ನು ದಿಟ್ಟಿಸುವದರಲ್ಲಿಯೂ ಕಳೆಯುವರು. ವಿಜಯಪುರದ ಸೈಕಲ್ ಸವಾರರಾದರೋ ರವಿವಾರ ನಸುಕಿನಲ್ಲಿ ಊರ ಹೊರಗೆ ಹೊರಡುವ ಒಳ್ಳೆಯ ರೂಢಿಯನ್ನಿಟ್ಟುಕೊಂಡಿದ್ದಾರೆ. ಅಂಥದೊಂದು ಕೂಟದೊಡನೆ ನಾವೂ ಮಾಗಿಯ ಕೊನೆಯಲ್ಲಿ ಅರಕೇರಿಯ ಕಡೆಗೆ ಹೋಗಿಬಂದೆವು. ಪಂದ್ಯವಿಲ್ಲ, ಪಣವಿಲ್ಲ, ಗಡಿಯಾರದ ಹಂಗಿಲ್ಲ. ಹಿಂದುಳಿದವನಿಗಾಗಿ ಮುಂದಿನವನು ನಿಲ್ಲತಕ್ಕದ್ದು ಎಂಬದೊಂದೇ ಕೂಟದ ನಿಯಮವು.

ಇಬ್ರಾಹಿಂ ರೋಜಾದ ಮಿನಾರುಗಳನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ತೊರವಿಯು ಬರುವದು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರನ್ನು ಕೊಟ್ಟ ಊರಿದು. ಎರಡನೆಯ ಇಬ್ರಾಹಿಂ ಆದಿಲಶಹನು 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರವೂ ಇಲ್ಲಿಯದೇ. 1624ರಲ್ಲಿ ಮಲಿಕ್ ಅಂಬರನ ಸೈನ್ಯವು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಮುರಿದ ಕಮಾನುಗಳು ಇಂದಿಗೂ ನಿಂತಿವೆ. ತೊರವಿಯ ನೀರನ್ನು ನೆಲದೊಳಗಿನ ಸುರಂಗದಿಂದ ರಾಜಧಾನಿಗೆ ಒಯ್ದ ಆ ಕಾಲದ ಜಾಣ್ಮೆಗೆ ತಲೆದೂಗದವರಾರು? ಮೋಟಾರಿನಲ್ಲಿ ಹೋಗುವವನಿಗೆ ಇವೆಲ್ಲ ಕ್ಷಣಮಾತ್ರ ಕಣ್ಣಿಗೆ ಬಿದ್ದು ಮರೆಯಾಗುವ ಗೋಡೆಗಳು. ಸೈಕಲ್ ಸವಾರನಿಗೆ ಮಾತ್ರ ನಿಂತು ನೋಡಲು ಯಾರ ಅಪ್ಪಣೆಯೂ ಬೇಕಾಗದು.

ಮುಂದೆ ಹಳ್ಳಿಯ ದಾರಿಯನ್ನು ಹಿಡಿದೆವು. ಎರಡೂ ಮಗ್ಗುಲಿಗೆ ಕಪ್ಪು ಎರೆಯ ಹೊಲಗಳು. ತೆನೆ ಬಲಿತು ತಲೆ ಬಾಗಿಸಿದ ಬಿಳಿಜೋಳ, ನಡುನಡುವೆ ಕುಸುಬಿಯ ಮುಳ್ಳುಹೂವು. ಬರಗಾಲದ ಹೆಸರನ್ನು ಕೇಳಿದೊಡನೆ ಮೊದಲು ನೆನಪಾಗುತ್ತಿದ್ದ ಜಿಲ್ಲೆಯಿದು. 1876ರಿಂದ 1878ರ ವರೆಗಿನ ಕ್ಷಾಮದಲ್ಲಿ ಈ ಸೀಮೆಯು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನೆತ್ತಿ ಕೆರೆಗಳಿಗೆ ತುಂಬಿಸುತ್ತಿರುವದರಿಂದ ತಿಕೋಟಾ, ಬಬಲೇಶ್ವರಗಳ ನೆಲದಲ್ಲಿ ದ್ರಾಕ್ಷಿಯ ಬಳ್ಳಿಯು ಬಲವಾಗಿ ಹಬ್ಬಿದೆ. ತೋಟಗಳ ಬದಿಯಲ್ಲಿ ನೆರಳು ಹೊದಿಸಿದ ಉದ್ದನೆಯ ಚಪ್ಪರಗಳು. ಅವುಗಳಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹಸಿ ದ್ರಾಕ್ಷಿಯನ್ನು ಹರವಿ ಎರಡು ವಾರ ಗಾಳಿಗೆ ಒಣಗಿಸುವರು. ನಾವು ಅಂಗಡಿಯಲ್ಲಿ ಕೊಳ್ಳುವ ಹಿಡಿ ಒಣದ್ರಾಕ್ಷಿಯ ಹಿಂದೆ ಎಷ್ಟು ಜನರ ಬೆನ್ನು ಬಾಗಿರುವದೆಂಬದನ್ನು ಆ ಚಪ್ಪರದಲ್ಲಿ ನಿಂತಲ್ಲದೆ ಅರಿಯಲಾಗದು.

ಅರಕೇರಿಯ ಹತ್ತಿರ, ಹಾಲುಮತದವರು ಭಕ್ತಿಯಿಂದ ನಡೆದುಕೊಳ್ಳುವ ಅಮೋಘಸಿದ್ಧನ ಗುಡ್ಡವನ್ನು ನೋಡುತ್ತ ಒಂದು ಬೇವಿನ ಮರದಡಿ ಇಳಿದೆವು. ಬುತ್ತಿ ಬಿಚ್ಚಿ ಸಜ್ಜೆಯ ರೊಟ್ಟಿ, ಶೇಂಗಾದ ಹಿಂಡಿ, ಮೊಸರುಗಳನ್ನು ಹಂಚಿಕೊಳ್ಳುತ್ತಿರುವಾಗ ಹತ್ತಿರದ ವಸ್ತಿಯಿಂದ ಒಬ್ಬ ವೃದ್ಧರು ಬಂದು, ನಮ್ಮ ಸೈಕಲ್ಲುಗಳನ್ನು ಒಂದೊಂದಾಗಿ ನೋಡಿ, “ಯಾಕ್ರಿ ಸಾಹೇಬ್ರ, ಗಾಡಿ ಕೆಟ್ಟೈತೇನ್ರಿ?” ಎಂದು ಕನಿಕರದಿಂದ ಕೇಳಿದರು. ನಾವು ನಕ್ಕು, “ಇಲ್ರಿ ಅಜ್ಜಾ, ಸುಮ್ಮನ ಹವಾ ತಿನ್ನಾಕ ಬಂದೀವಿ” ಎಂದೆವು. ಅವರೂ ನಕ್ಕರು. ಬಳಿಕ ಒಂದು ಸೈಕಲ್ಲಿನ ಹಿಡಿಯ ಮೇಲೆ ಕೈಯಿಟ್ಟು, “ನಮ್ಮ ದೊಡ್ಡ ಮೊಮ್ಮಗಳು ಸರಕಾರದ ಸೈಕಲ್ ಮ್ಯಾಲ ಹೋಗಿ ಹತ್ತನೇತ್ತಾ ಮುಗಿಸಿದ್ಳರಿ. ಸಣ್ಣಾಕಿ ಪಾಳಿ ಬರೂದ್ರಾಗ ಸೈಕಲ್ ಕೊಡೂದು ನಿಂತಿತ್ರಿ. ವಸ್ತಿಯಿಂದ ನಡಕೋತ ಹೋಗಾಕ ಅಂಜಿ ಸಾಲಿ ಬಿಟ್ಳು” ಎಂದರು. ನಮ್ಮಲ್ಲಿ ಯಾರಿಗೂ ಕೂಡಲೆ ಮಾತು ಹೊರಡಲಿಲ್ಲ.

ವಾಚಕರು ಇದನ್ನು ಒಂದು ಮನೆಯ ಮಾತೆಂದು ಬದಿಗಿಡಬಾರದೆಂದು ನಮ್ಮ ಬಿನ್ನಹವು. ಸರಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳ 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯು ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಕೋವಿಡ್ ಪಿಡುಗಿನ ಹೊತ್ತಿಗೆ, 2020-21ರಲ್ಲಿ, ವಿತರಣೆಯು ನಿಂತಿತು. ಬಿಹಾರದಲ್ಲಿಯೂ 2006ರಲ್ಲಿ ಹೆಣ್ಣುಮಕ್ಕಳಿಗೆ ಇಂಥದೇ ಸಹಾಯವು ದೊರೆಯಿತು. ಅದನ್ನು ಕೂಲಂಕಷವಾಗಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣವು ಶೇಕಡಾ 32ರಷ್ಟು ಏರಿತೆಂದೂ, ಶಾಲೆಯು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ಅದರ ಪ್ರಯೋಜನವು ಹೆಚ್ಚಾಯಿತೆಂದೂ ತೋರಿಸಿದ್ದಾರೆ. ಅಜ್ಜನವರು ಅಂಕಿಗಳಿಲ್ಲದೆ ಹೇಳಿದ್ದೂ ಇದೇ ಅಲ್ಲವೆ?

ಸೈಕಲ್ಲು ನಮ್ಮ ನಾಡಿಗೆ ಹೊಸ ಗುರುವಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿಯನ್ನೇ. ಅದೇ ಉದ್ಯಮವು ಮುಂದೆ ರೈತನ ಕೈಗೆ ಕಬ್ಬಿಣದ ನೇಗಿಲನ್ನು ಕೊಟ್ಟಿತು. 1923ರಲ್ಲಿ ಮುಂಬಯಿಯಿಂದ ಹೊರಟ ಪಾರಸೀ ತರುಣರಲ್ಲಿ ಮೂವರು ಸೈಕಲ್ಲಿನ ಮೇಲೆಯೇ ಪೃಥ್ವಿಯನ್ನು ಸುತ್ತಿ 1928ರಲ್ಲಿ ಹಿಂದಿರುಗಿದರು. ನಮ್ಮ ವಿಜಯಪುರ, ಬಾಗಲಕೋಟೆಗಳ ರೈತರ ಮಕ್ಕಳು ಇದೇ ರಸ್ತೆಗಳಲ್ಲಿ ಕಾಲು ಪಳಗಿಸಿ ರಾಷ್ಟ್ರೀಯ ಪಂದ್ಯಗಳಿಂದ ಪದಕಗಳನ್ನು ತಂದಿದ್ದಾರೆ. ಸವಾರಿಯ ಅಭ್ಯಾಸವೇ ಇಲ್ಲದ ಮನೆಗಳಿಂದ ಅಂಥ ಮಕ್ಕಳು ಹುಟ್ಟಿಬರುವದು ಹೇಗೆ?

ನಾವು ಯಾರನ್ನೂ ದೂಷಿಸಲು ಈ ಮಾತನ್ನೆತ್ತಿಲ್ಲ. ಸೈಕಲ್ಲುಗಳ ಗುಣಮಟ್ಟದ ಬಗೆಗೆ, ಹಣದ ಬಗೆಗೆ ಆಕ್ಷೇಪಣೆಗಳಿರಬಹುದು; ಅವನ್ನು ತಿದ್ದಿಕೊಳ್ಳಬಹುದು. ಎಲ್ಲರಿಗೂ ಕೊಡಲು ಸಾಧ್ಯವಾಗದಿದ್ದರೆ ತಾಂಡಾಗಳ, ತೋಟದ ವಸ್ತಿಗಳ ದೂರದ ಮಕ್ಕಳಿಗಾದರೂ ಕೊಡತಕ್ಕದ್ದು. ಹಳೆಯ ಸೈಕಲ್ಲನ್ನು ಮೂಲೆಗಿಟ್ಟ ಪಟ್ಟಣಿಗನು ಅದನ್ನು ದುರಸ್ತಿ ಮಾಡಿಸಿ ಒಂದು ಮಗುವಿಗೆ ಒಪ್ಪಿಸುವದಕ್ಕೆ ಸರಕಾರದ ಆಜ್ಞೆಯೂ ಬೇಡ. ಅಧಿಕಾರಿಗಳಲ್ಲಿ ನಮ್ಮದೊಂದು ಪ್ರಾರ್ಥನೆ: ತಿಂಗಳಿಗೊಂದು ರವಿವಾರ ಮೋಟಾರನ್ನು ಮನೆಯಲ್ಲಿಯೇ ಬಿಟ್ಟು ಸೈಕಲ್ಲಿನ ಮೇಲೆ ಹಳ್ಳಿಯ ಕಡೆಗೆ ಬನ್ನಿರಿ. ಕಡತದಲ್ಲಿ ಕಾಣದ ಎಷ್ಟೋ ಸಂಗತಿಗಳು ಬೇವಿನ ಮರದಡಿಯಲ್ಲಿ ತಾವಾಗಿಯೇ ಬಂದು ಮಾತನಾಡುವವು.

ಬಿಸಿಲೇರುವ ಮೊದಲೇ ನಾವು ಮರಳಿದೆವು. ಎದುರುಗಾಳಿಯಲ್ಲಿ ಕೂಟದ ಕಿರಿಯನೊಬ್ಬನು ದಣಿದು ಹಿಂದೆ ಬಿದ್ದಾಗ ಎಲ್ಲರೂ ನಿಂತೆವು. ಅವನು ಬಂದು ಕೂಡಿದ ಮೇಲೆಯೇ ಮುಂದೆ ಸಾಗಿದೆವು. ಹತ್ತು ಜನರ ಕೂಟವು ಪಾಲಿಸುವ ಈ ನಿಯಮವನ್ನು ಒಂದು ನಾಡು ಪಾಲಿಸಲಾರದೆ?